ಚಾರ್ಟಿನಲ್ಲಿ ಇಲ್ಲದ ಬಾವುಟ

ಜೆರಾಕ್ಸ್ ಅಂಗಡಿ, ಕುಶಾಲನಗರ

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ವಿಷಯ ಕೇಳೋಣ ಅಂತ ಕೂತೆ, ಉದ್ದ ಆಯಿತು, ಬೈಯಬೇಡಿ.

ನನ್ನದು ಸ್ಟೇಷನರಿ, ಜೆರಾಕ್ಸ್ ಅಂಗಡಿ. ಆಗಸ್ಟ್ ಬಂತು ಅಂದರೆ ಬಾವುಟದ ವ್ಯಾಪಾರ. ಕಡ್ಡಿಗೆ ಅಂಟಿಸಿದ ಕಾಗದದ ಬಾವುಟ, ಅಂಗಿಗೆ ಚುಚ್ಚುವ ಪಿನ್, ಸ್ಕೂಟರಿಗೆ ಕಟ್ಟುವುದು, ಎಲ್ಲಾ ಇಡುತ್ತೇನೆ. ಶಾಲೆ ಮಕ್ಕಳಿಗೆ ಅಂತ ‘ವಿಶ್ವದ ರಾಷ್ಟ್ರಧ್ವಜಗಳು’ ಚಾರ್ಟ್ ಬೇರೆ ಬರುತ್ತದೆ. ಒಂದೊಂದೇ ಕತ್ತರಿಸಿ ಪ್ರಾಜೆಕ್ಟ್ ಪುಸ್ತಕಕ್ಕೆ ಅಂಟಿಸುವುದು, ನಿಮಗೂ ಗೊತ್ತಿರುತ್ತದೆ.

ಮೊನ್ನೆ ನನ್ನ ಮಗ, ಐದನೇ ಕ್ಲಾಸು, ಅವನ ಜೊತೆ ಒಬ್ಬ ಸ್ನೇಹಿತನನ್ನು ಕರೆದುಕೊಂಡು ಬಂದ. ಹೊಳೆ ಆಚೆ ಬೈಲಕುಪ್ಪೆಯ ನಿರಾಶ್ರಿತರ ಕ್ಯಾಂಪಿನ ಹುಡುಗ, ಟಿಬೆಟಿಯನ್. ನನಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಾನೆ. ಇಬ್ಬರೂ ಚಾರ್ಟ್ ತೆಗೆದುಕೊಂಡು ಕೌಂಟರ್ ಮೇಲೆ ಹರಡಿದರು. ನನ್ನ ಮಗ ಭಾರತ, ಬ್ರೆಜಿಲ್, ಜಪಾನ್ ಅಂತ ಕತ್ತರಿ ಹಾಕಲು ಶುರು ಮಾಡಿದ. ಆ ಹುಡುಗ ಮಾತ್ರ ಬೆರಳಿಟ್ಟು ಒಂದೊಂದೇ ಸಾಲು ನೋಡುತ್ತಾ ಹೋದ. ಕೊನೆ ತನಕ ನೋಡಿದ. ಮತ್ತೆ ಮೊದಲಿನಿಂದ ನೋಡಿದ. ಚಾರ್ಟ್ ತಿರುಗಿಸಿ ಹಿಂದೆಯೂ ನೋಡಿದ, ಹಿಂದೆ ನದಿಗಳ ಹೆಸರು ಇತ್ತು. ಆಮೇಲೆ ನನ್ನನ್ನು ಕೇಳಿದ, “ಅಂಕಲ್, ಇದರಲ್ಲೇ ದೊಡ್ಡ ಸೈಜಿನ ಚಾರ್ಟ್ ಬರುತ್ತಾ?”

ಅವನ ಪ್ರಕಾರ ಚಾರ್ಟ್ ಸಣ್ಣದು, ಜಾಗ ಸಾಕಾಗಲಿಲ್ಲ, ಅದಕ್ಕೇ ಟಿಬೆಟ್ ಬಾವುಟ ಬಿಟ್ಟುಹೋಗಿದೆ.

ನಾನು “ಸ್ಟಾಕ್ ಖಾಲಿ ಪುಟ್ಟಾ” ಅಂದೆ. ಸುಳ್ಳು. ಎರಡು ದಿನದಿಂದ ಅದೇ ತಲೆಯಲ್ಲಿದೆ. ನಾನು ಏನು ಹೇಳಬೇಕಿತ್ತು?

ಹಾರಂಗಿ ಹಿನ್ನೀರು

ಇದಕ್ಕೆ ಇಷ್ಟುದ್ದ ಬರೀಬೇಕಾ ಅಣ್ಣಾ. ಟಿಬೆಟ್ ಬಾವುಟ ಬೇಕಾದರೆ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಹತ್ತಿರ ಅಂಗಡಿಯಲ್ಲಿ ಮಾಲೆ ಮಾಲೆ ಸಿಗುತ್ತದಲ್ಲ. ನನ್ನ ಬುಲೆಟ್ ಹ್ಯಾಂಡಲ್‌ಗೆ ಕಟ್ಟಿದ್ದೇನೆ, ಐದು ಬಣ್ಣದ್ದು. ಒಂದು ತುಂಡು ಕತ್ತರಿಸಿ ಕೊಡು, ಮುಗೀತು.

ನಾಲ್ಕನೇ ಕ್ಯಾಂಪ್

ಅದು ನಮ್ಮ ದೇಶದ ಬಾವುಟ ಅಲ್ಲ ತಮ್ಮಾ. ಅದು ಪ್ರಾರ್ಥನೆಯ ಬಾವುಟ. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ. ಆಕಾಶ, ಗಾಳಿ, ಬೆಂಕಿ, ನೀರು, ಮಣ್ಣು. ಮೇಲೆ ಮಂತ್ರ ಅಚ್ಚು ಹಾಕಿರುತ್ತಾರೆ, ಗಾಳಿಗೆ ಆಡಿದಷ್ಟೂ ಮಂತ್ರ ಎಲ್ಲಾ ಕಡೆ ಹರಡುತ್ತದೆ ಅಂತ ನಂಬಿಕೆ. ಅದು ಮಾಸಿ, ನೂಲು ಬಿಟ್ಟು, ಹರಿದು ಹೋಗಬೇಕು. ಹರಿದರೆ ಬೇಸರ ಇಲ್ಲ, ಕೆಲಸ ಮಾಡಿದೆ ಅಂತ ಲೆಕ್ಕ. ರಾಷ್ಟ್ರಧ್ವಜ ಹಾಗಲ್ಲ, ಹರಿದದ್ದನ್ನು ಹಾರಿಸುವ ಹಾಗಿಲ್ಲ, ಅಲ್ವಾ? ಎರಡೂ ಬಟ್ಟೆಯೇ, ನೋಡಿ.

ನಮ್ಮ ದೇಶದ ಬಾವುಟದಲ್ಲಿ ನಡುವೆ ಬಿಳಿ ಹಿಮದ ಬೆಟ್ಟ. ಅದರ ತುದಿಯಲ್ಲಿ ಸೂರ್ಯ. ಕೆಂಪು ಕಿರಣ ಆರು, ನೀಲಿ ಕಿರಣ ಆರು. ಕೆಂಪು ಆರು ಅಂದರೆ ನಮ್ಮ ಮೂಲದ ಆರು ಕುಲ. ಬೆಟ್ಟದ ಬುಡದಲ್ಲಿ ಎರಡು ಹಿಮಸಿಂಹ. ಹಳದಿ ಅಂಚು ಮೂರು ಕಡೆ ಮಾತ್ರ, ನಾಲ್ಕನೇ ಕಡೆ ಅಂಚು ಇಲ್ಲ. ಬೇರೆಯವರ ವಿಚಾರಕ್ಕೂ ಬಾಗಿಲು ತೆರೆದಿದೆ ಅಂತ ಅರ್ಥ ಅಂತ ಅಜ್ಜ ಹೇಳುತ್ತಿದ್ದರು. 13ನೇ ದಲೈ ಲಾಮಾ ಕಾಲದಲ್ಲಿ ಬಂದ ಬಾವುಟ. ಈಗ ಅಲ್ಲಿ ಇದನ್ನು ಇಟ್ಟುಕೊಂಡರೆ ಜೈಲು.

ಜೆರಾಕ್ಸ್ ಅಣ್ಣಾ, ನೀವು ಹೇಳಿದ ಸುಳ್ಳಿಗೆ ನನಗೆ ಕೋಪ ಬರಲಿಲ್ಲ. ನನ್ನ ಮಗಳು ಕೇಳಿದಾಗ ನಾನೂ ಏನೋ ಒಂದು ಹೇಳಿ ತಪ್ಪಿಸಿಕೊಂಡಿದ್ದೆ.

ಹಾರಂಗಿ ಹಿನ್ನೀರು

ಓಹ್. ಸಾರಿ ಅಕ್ಕಾ. ನಾಲ್ಕು ವರ್ಷದಿಂದ ಎಲ್ಲರಿಗೂ ಟಿಬೆಟ್ ಬಾವುಟ ಅಂತಲೇ ಹೇಳಿಕೊಂಡು ತಿರುಗಿದ್ದೇನೆ.

ದೇಶ ಮೊದಲು

ಒಂದು ನೇರ ಪ್ರಶ್ನೆ. ಜಾಗ ಕೊಟ್ಟಿದ್ದು ನಾವು. ಅನ್ನ ಕೊಟ್ಟಿದ್ದು ನಾವು. ಆದರೂ ನಮ್ಮ ನೆಲದಲ್ಲಿ ಇನ್ನೊಂದು ಬಾವುಟ ಯಾಕೆ? ಅರವತ್ತು ವರ್ಷದ ಮೇಲಾಯಿತು. ಇಲ್ಲಿಯವರಾಗಿ, ಇಲ್ಲದಿದ್ದರೆ ಇಲ್ಲ. ಎರಡು ದೋಣಿ ಮೇಲೆ ಕಾಲು ಯಾಕೆ?

ಪೇಟೆ ಪಿ.ಟಿ. ಮೇಷ್ಟ್ರು

ನಿಯಮ ಹೇಳುತ್ತೇನೆ, ಉಳಿದದ್ದು ನೀವು ಜಗಳ ಆಡಿಕೊಳ್ಳಿ. ಧ್ವಜ ಸಂಹಿತೆ 2002ರ ಪ್ರಕಾರ ಬೇರೆ ಬಾವುಟಗಳ ಜೊತೆ ಹಾರಿಸುವಾಗ ನಮ್ಮದು ಬಲತುದಿಯಲ್ಲಿ ಇರಬೇಕು, ಪ್ರತಿಯೊಂದಕ್ಕೂ ಬೇರೆ ಕಂಬ. ಕ್ಯಾಂಪಿನ ಕಾರ್ಯಕ್ರಮಗಳಲ್ಲಿ ನಾನು ನೋಡಿದ್ದೇನೆ, ಸರಿಯಾಗೇ ಹಾರಿಸುತ್ತಾರೆ. ನಮ್ಮಲ್ಲಿ ಎಷ್ಟು ಕಡೆ ಕೇಸರಿ ಕೆಳಗೆ ಮಾಡಿ ಕಟ್ಟಿದ್ದನ್ನು ನಾನೇ ಓಡಿಹೋಗಿ ಬಿಚ್ಚಿಸಿದ್ದೇನೆ, ಹೇಳಿದರೆ ನಾಚಿಕೆ.

ಇನ್ನೊಂದು. 2002ರ ಜನವರಿ 26ರ ತನಕ ನಾವು ಸಾಮಾನ್ಯ ಜನ ಕೂಡ ಮನೆ ಮೇಲೆ ಬೇಕಾದ ದಿನ ತ್ರಿವರ್ಣ ಹಾರಿಸುವ ಹಾಗಿರಲಿಲ್ಲ. ಕೆಲವು ದಿನ ಮಾತ್ರ ಅನುಮತಿ. ಬಾವುಟ ನಮ್ಮ ಕೈಗೆ ಬಂದಿದ್ದೇ ಇತ್ತೀಚೆಗೆ. 2021ರ ಡಿಸೆಂಬರಿನಲ್ಲಿ ಪಾಲಿಯೆಸ್ಟರಿಗೂ ಒಪ್ಪಿಗೆ ಬಂತು. ನಮ್ಮ ಶಾಲೆಯದು ಇನ್ನೂ ಹುಬ್ಬಳ್ಳಿ ಬೆಂಗೇರಿಯ ಖಾದಿ. ಕೊಡಗಿನ ಆಗಸ್ಟ್ ಮಳೆಗೆ ಅದು ನೆನೆದು ಕಂಬಕ್ಕೆ ಅಂಟಿಕೊಂಡು ನಿಲ್ಲುತ್ತದೆ, ಹಾರುವುದೇ ಇಲ್ಲ. ಆದರೂ ಪಾಲಿಯೆಸ್ಟರ್ ತರಲು ಮನಸ್ಸು ಬರುವುದಿಲ್ಲ.

ನಾಲ್ಕನೇ ಕ್ಯಾಂಪ್

‘ದೇಶ ಮೊದಲು’ ಅಣ್ಣಾ, ನೀವು ಕೇಳಿದ್ದು ಸರಿ. ಉತ್ತರ ಉದ್ದ ಇದೆ.

ದಲೈ ಲಾಮಾ ಬಂದದ್ದು 1959ರ ಮಾರ್ಚ್ ಕೊನೆಗೆ. ಹಿಂದೆಯೇ ಜನ ಬಂದರು. ಆಗ ಮೈಸೂರು ರಾಜ್ಯ, ನಿಜಲಿಂಗಪ್ಪನವರು ಜಾಗ ಕೊಡಲು ಒಪ್ಪಿದರು. ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ. ಕೊಟ್ಟದ್ದು ಗುತ್ತಿಗೆಗೆ, ಸ್ವಂತಕ್ಕಲ್ಲ. ಅಜ್ಜ ಬರುವಾಗ ಇದು ಕಾಡು. ಚಳಿ ದೇಶದವರಿಗೆ ಇಲ್ಲಿಯ ಬಿಸಿಲು, ಸೊಳ್ಳೆ, ಆನೆ. ಬಿದಿರು ಕಡಿದು, ಬೇರು ಸುಟ್ಟು, ಮುಸುಕಿನ ಜೋಳ ಹಾಕಿದರು. ಅಜ್ಜಿ ಕೊನೆ ತನಕ ಉಣ್ಣೆಯ ಹಳೆ ಚುಬಾ, ಅಂದರೆ ನಮ್ಮ ಉದ್ದ ನಿಲುವಂಗಿ, ಪೆಟ್ಟಿಗೆಯಲ್ಲಿ ಮಡಿಸಿ ಇಟ್ಟಿದ್ದರು, ಇಲ್ಲಿ ಹಾಕಿದರೆ ಬೆವರಿ ಸಾಯಬೇಕು. “ವಾಪಸ್ ಹೋಗುವಾಗ ಬೇಕಲ್ಲ” ಅನ್ನುತ್ತಿದ್ದರು.

ಈಗ “ಇಲ್ಲಿಯವರಾಗಿ” ಅಂದಿರಿ. ನಾನು ಹುಟ್ಟಿದ್ದು 1985ರಲ್ಲಿ, ಇಲ್ಲೇ. ನನ್ನ ತಮ್ಮ 1989ರಲ್ಲಿ, ಅದೇ ಆಸ್ಪತ್ರೆ, ಅದೇ ವಾರ್ಡು. ಕಾನೂನಿನ ಪ್ರಕಾರ 1987ರ ಜುಲೈ 1ಕ್ಕಿಂತ ಮೊದಲು ಇಲ್ಲಿ ಹುಟ್ಟಿದವರು ಭಾರತದ ಪ್ರಜೆ. ಹಾಗಾಗಿ ನಾನು ಆಗಬಹುದು, ತಮ್ಮ ಆಗುವ ಹಾಗಿಲ್ಲ. ಒಂದೇ ತಟ್ಟೆಯಲ್ಲಿ ಉಂಡವರು ನಾವು. ಆಮೇಲೆ 2017ರಲ್ಲಿ ಪಾಸ್‌ಪೋರ್ಟ್ ಬೇಕಾದವರಿಗೆ ಷರತ್ತು ಹಾಕಿದರು, ಆರ್.ಸಿ., ಅಂದರೆ ನಮ್ಮ ನೋಂದಣಿ ಪತ್ರ, ವಾಪಸ್ ಕೊಡಬೇಕು, ಕ್ಯಾಂಪಿನ ಮನೆ ಬಿಡಬೇಕು, ಸವಲತ್ತು ಬಿಡಬೇಕು. ಅಮ್ಮನನ್ನು ಅಲ್ಲಿ ಬಿಟ್ಟು ನಾನು ಹೊಳೆ ಈಚೆ ಬಾಡಿಗೆ ಮನೆ ಹಿಡಿಯಬೇಕಿತ್ತು. ಹಿಡಿಯಲಿಲ್ಲ.

ಹಾಗಾಗಿ ತಮ್ಮ ಸ್ವೆಟರ್ ಮಾರಲು ಚಳಿಗಾಲಕ್ಕೆ ಹೊರಟರೂ ಆರ್.ಸಿ. ಕಿಸೆಯಲ್ಲಿರಬೇಕು. ನಾನು ನಿಮ್ಮ ಬಾವುಟಕ್ಕೆ ಸೆಲ್ಯೂಟ್ ಮಾಡಿ ಬೆಳೆದವಳು, ರಾಷ್ಟ್ರಗೀತೆ ನನಗೆ ನಿದ್ದೆಯಲ್ಲೂ ಬರುತ್ತದೆ. ನಮ್ಮದನ್ನು ಪಕ್ಕದಲ್ಲಿ ಹಾರಿಸುವುದು ನಿಮಗೆ ಎದುರಾಗಿ ಅಲ್ಲ. ಅದನ್ನು ಹಾರಿಸಲು ಬೇರೆ ಜಾಗ ಇಲ್ಲ, ಅಷ್ಟೇ.

ಜೆರಾಕ್ಸ್ ಅಂಗಡಿ, ಕುಶಾಲನಗರ

ಅಕ್ಕಾ, ಆರ್.ಸಿ. ವಿಷಯ ನನಗೆ ಗೊತ್ತು. ನನ್ನ ಗಾಜಿನ ಮೇಲೆ ಬರದ ಕಾಗದ ಯಾವುದಿದೆ. ಹಳದಿ ಪುಸ್ತಕ, ವಿದೇಶಕ್ಕೆ ಹೋಗುವವರದ್ದು, ಭಾರತ ಸರ್ಕಾರ ಪಾಸ್‌ಪೋರ್ಟ್ ಬದಲಿಗೆ ಕೊಡುವುದು. ಹಸಿರು ಪುಸ್ತಕ, ಅವರ ಧರ್ಮಶಾಲೆಯ ಆಡಳಿತ ಕೊಡುವುದು. ಆರ್.ಸಿ. ಬೇರೆ. ಒಬ್ಬ ಅಜ್ಜ ಬಂದು ಮೂರನ್ನೂ ಎರಡೆರಡು ಪ್ರತಿ ಮಾಡಿಸಿ, ಒಂದೊಂದನ್ನೂ ಬೆಳಕಿಗೆ ಹಿಡಿದು ಅಕ್ಷರ ಕಾಣುತ್ತಾ ನೋಡಿ, ಆಮೇಲೆ ದುಡ್ಡು ಕೊಡುತ್ತಾರೆ. ನಮ್ಮವರು ಆಧಾರ್ ಕಾರ್ಡನ್ನು ನನ್ನ ಮೆಷಿನಲ್ಲೇ ಬಿಟ್ಟು ಮನೆಗೆ ಹೋಗಿಬಿಡುತ್ತಾರೆ, ಡ್ರಾಯರಿನಲ್ಲಿ ಇವತ್ತಿಗೂ ನಾಲ್ಕೈದು ಇವೆ. ಅವರು ಒಂದು ದಿನವೂ ಮರೆತಿಲ್ಲ.

ಮಕ್ಕಂದೂರು ಮಳೆ

ಕಾಗದ ಅಂದಾಗ ನೆನಪಾಯಿತು, ನಾನೂ ಸ್ವಲ್ಪ ಹೇಳುತ್ತೇನೆ. ವಿಷಯಾಂತರ ಆದರೆ ಕ್ಷಮಿಸಿ.

2018. ಆಗಸ್ಟ್ 15ಕ್ಕೆ ಮಳೆಯಲ್ಲೇ ಶಾಲೆಯಲ್ಲಿ ಬಾವುಟ ಹಾರಿಸಿ ಲಾಡು ತಿಂದು ಬಂದೆವು. ಒಂದೆರಡು ದಿನದಲ್ಲಿ ಮನೆ ಹಿಂದಿನ ಗುಡ್ಡದ ಬರೆ ಕುಸಿಯಿತು. ತೋಟ ಸೇರಿ ಹೋಯಿತು. ಉಟ್ಟ ಬಟ್ಟೆಯಲ್ಲಿ ಮಡಿಕೇರಿ ಕಡೆ ಬಂದೆವು, ಇನ್ನೊಂದು ಶಾಲೆಯಲ್ಲಿ ಪರಿಹಾರ ಕೇಂದ್ರ. ಒಂದು ಕ್ಲಾಸ್‌ರೂಮಿಗೆ ನಾಲ್ಕೈದು ಮನೆಯವರು. ಬೆಂಚು ಗೋಡೆಗೆ ಒತ್ತಿ, ಚಾಪೆ ಹಾಸಿ ಮಲಗುವುದು. ಬಟ್ಟೆ ಒಣಗಿಸಲು ಒಂದು ಇಂಚು ಜಾಗ ಇಲ್ಲ. ಮೂರನೇ ದಿನ ಸ್ವಲ್ಪ ಬಿಸಿಲು ಬಂತು ನೋಡಿ, ಹೆಂಗಸರೆಲ್ಲ ಸೇರಿ ಧ್ವಜಕಂಬದಿಂದ ಕಾರಿಡಾರ್ ಕಂಬಿಗೆ ಹಗ್ಗ ಕಟ್ಟಿದರು. ಲಂಗ, ಮಕ್ಕಳ ಚಡ್ಡಿ, ಯಾರೋ ದಾನ ಕೊಟ್ಟ ನಮ್ಮ ಅಳತೆಗೆ ಆಗದ ಸೀರೆ ರವಿಕೆ, ಎಲ್ಲಾ ಅದರ ಮೇಲೆ.

ಒಬ್ಬರು ಬಂದು ಗದರಿದರು. ಧ್ವಜಕಂಬಕ್ಕೆ ಅವಮಾನ ಅಂತ. ನಮ್ಮ ಅತ್ತೆ, ಬಾಯಿಯೇ ತೆಗೆಯದವರು, “ಬಾವುಟ ಇಳಿಸಿ ಆಗಿದೆ ಅಲ್ವಾ, ಈಗ ಖಾಲಿ ಕಂಬ ತಾನೇ” ಅಂದರು. ಅವರು ಹೋದರು. ಹಗ್ಗ ಹಾಗೇ ಉಳಿಯಿತು.

ಕಾಗದಕ್ಕೆ ಬರುತ್ತೇನೆ. ಪಹಣಿ, ರೇಷನ್ ಕಾರ್ಡು, ಬ್ಯಾಂಕ್ ಪುಸ್ತಕ, ಎಲ್ಲಾ ಮಣ್ಣಿನ ಅಡಿ. ಪರಿಹಾರಕ್ಕೆ ಅರ್ಜಿ ಹಾಕಲು ಹೋದರೆ ಕೌಂಟರಿನಲ್ಲಿ ಮೊದಲ ಮಾತು, “ಮನೆ ನಿಮ್ಮದೇ ಅನ್ನುವುದಕ್ಕೆ ದಾಖಲೆ?” ಮನೆಯೇ ಇಲ್ಲ ಸ್ವಾಮಿ, ದಾಖಲೆ ಎಲ್ಲಿಂದ. ನಮ್ಮದೇ ಜಿಲ್ಲೆ, ನಮ್ಮದೇ ಭಾಷೆ, ಗೊತ್ತಿರುವ ಮುಖಗಳು. ಆದರೂ ಆ ದಿನ ಅಲ್ಲಿ ನಿಂತಾಗ ನಾನು ಯಾರು ಅಂತ ನನಗೇ ಅನುಮಾನ ಬಂತು.

ಜೆರಾಕ್ಸ್ ಅಂಗಡಿ, ಕುಶಾಲನಗರ

2019ರಲ್ಲಿ ಕಾವೇರಿ ನಮ್ಮ ತಗ್ಗಿನ ಬಡಾವಣೆಗಳಿಗೆ ನುಗ್ಗಿದಾಗ ಇದನ್ನೇ ನೋಡಿದ್ದೇನೆ. ಲ್ಯಾಮಿನೇಷನ್ ಒಳಗೆ ನೀರು ಹೋಗಿ ಉಬ್ಬಿದ ಕಾರ್ಡುಗಳು. ಒಂದಕ್ಕೊಂದು ಅಂಟಿದ ಪಾಸ್‌ಬುಕ್ ಹಾಳೆಗಳು. ಫ್ಯಾನ್ ಕೆಳಗೆ ಹರಡಿ, ಪೇಪರ್‌ವೆಯ್ಟ್ ಇಟ್ಟು ಒಣಗಿಸಿ ಜೆರಾಕ್ಸ್ ಮಾಡಿ ಕೊಟ್ಟೆ. ಗಾಜಿನ ಮೇಲೆ ಕೆಸರು ಗೀರಿದ್ದು ಇನ್ನೂ ಇದೆ, ಪ್ರತಿ ಕಾಪಿಯಲ್ಲೂ ಒಂದು ಸಣ್ಣ ಗೆರೆ ಬರುತ್ತದೆ.

ದೇಶ ಮೊದಲು

ಮಕ್ಕಂದೂರು ಅಕ್ಕಾ, ನಿಮ್ಮ ಕಷ್ಟಕ್ಕೆ ನನ್ನದೇನೂ ಮಾತಿಲ್ಲ. ಆದರೆ ನೀವು ನಿರಾಶ್ರಿತರಲ್ಲ, ಸಂತ್ರಸ್ತರು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕೋರ್ಟ್ ರಸ್ತೆ ಗುಮಾಸ್ತ

ಕಾನೂನಿನಲ್ಲಿ ಅವರು ಹೇಳುವುದು ಸರಿ. 1951ರ ವಿಶ್ವಸಂಸ್ಥೆಯ ಒಪ್ಪಂದದ ಪ್ರಕಾರ ಗಡಿ ದಾಟಬೇಕು, ಜನಾಂಗ, ಧರ್ಮ, ರಾಜಕೀಯದಂಥ ಕಾರಣಕ್ಕೆ ಹಿಂಸೆಯ ಭಯ ಇರಬೇಕು, ಆಗ ನಿರಾಶ್ರಿತ. ತಮಾಷೆ ಏನು ಗೊತ್ತಾ, ಭಾರತ ಆ ಒಪ್ಪಂದಕ್ಕೆ ಸಹಿಯೇ ಹಾಕಿಲ್ಲ. ಸಹಿ ಹಾಕದೆಯೂ 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಸುಮಾರು ಒಂದು ಕೋಟಿ ಜನರನ್ನು ಇಟ್ಟುಕೊಂಡೆವು. ಟಿಬೆಟಿಯನ್ನರನ್ನು ಇಟ್ಟುಕೊಂಡೆವು. ಆದರೆ ನಿರಾಶ್ರಿತ ಅಂತ ಒಂದು ಪ್ರತ್ಯೇಕ ಕಾನೂನು ಇಲ್ಲ. ಕಾನೂನಿನ ಲೆಕ್ಕದಲ್ಲಿ ಅವರು ವಿದೇಶಿಯರು, ಅಷ್ಟೇ. ಒಬ್ಬರಿಗೆ ಒಂದು ನ್ಯಾಯ, ಇನ್ನೊಬ್ಬರಿಗೆ ಇನ್ನೊಂದು. ಯಾವ ಸರ್ಕಾರ, ಯಾವ ಕಾಲ, ಯಾವ ದೇಶದಿಂದ ಬಂದವರು, ಅದರ ಮೇಲೆ ಹೋಗುತ್ತದೆ.

ಪ್ರಪಂಚದಲ್ಲಿ ಹೀಗೆ ಮನೆ ಬಿಟ್ಟವರು, ದೇಶದ ಒಳಗೂ ಹೊರಗೂ ಸೇರಿ, 2024ರ ಕೊನೆಗೆ 12 ಕೋಟಿಗೂ ಜಾಸ್ತಿ. ಕರ್ನಾಟಕದ ಜನಸಂಖ್ಯೆಗಿಂತ ದೊಡ್ಡ ಲೆಕ್ಕ ಅದು.

ರಿಟೈರ್ಡ್ ಹವಾಲ್ದಾರ್

ನಾನು ಸುಮ್ನೆ ಓದುತ್ತಿದ್ದೆ. ಒಂದು ವಿಷಯ ಯಾರೂ ಹೇಳಲಿಲ್ಲ, ಅದೂ ಕೊಡಗಿನವರು ಕೂತು ಮಾತಾಡುವ ಜಾಗದಲ್ಲಿ.

ನಮ್ಮ ಜನರಲ್ ತಿಮ್ಮಯ್ಯ. ಮಡಿಕೇರಿಯ ಸನ್ನಿ ಸೈಡ್ ಮನೆ ಈಗ ಮ್ಯೂಸಿಯಂ, ಎಲ್ಲರೂ ಹೊರಗಿನ ಟ್ಯಾಂಕ್ ಪಕ್ಕ ನಿಂತು ಫೋಟೊ ಹೊಡೆದು ಹೋಗುತ್ತಾರೆ. ಕೊರಿಯಾ ಯುದ್ಧ 1953ರಲ್ಲಿ ನಿಂತಾಗ ಅವರಿಗೆ ಕೊಟ್ಟ ಕೆಲಸ ಏನು ಗೊತ್ತಾ? ಸೆರೆ ಸಿಕ್ಕ ಸೈನಿಕರಲ್ಲಿ “ನಾವು ನಮ್ಮ ದೇಶಕ್ಕೆ ವಾಪಸ್ ಹೋಗುವುದಿಲ್ಲ” ಅಂದವರು 22 ಸಾವಿರಕ್ಕೂ ಹೆಚ್ಚು ಇದ್ದರು, ಚೀನೀಯರು, ಉತ್ತರ ಕೊರಿಯಾದವರು. ಅವರನ್ನು ಕಾಯುವುದು, ಯಾರನ್ನೂ ಬಲವಂತ ಮಾಡದೆ ಎಲ್ಲಿಗೆ ಹೋಗುತ್ತೀಯ ಅಂತ ಕೇಳುವುದು. ಅದಕ್ಕೆ ಐದು ದೇಶಗಳ ಆಯೋಗ, ಅದರ ಅಧ್ಯಕ್ಷ ನಮ್ಮ ತಿಮ್ಮಯ್ಯ.

ಆ ಮುಳ್ಳುತಂತಿ ಬೇಲಿ ಒಳಗೆ ಕೈದಿಗಳು ಬಾವುಟ ಬೀಸುತ್ತಿದ್ದರು. ಹಿಂದಿನ ಶಿಬಿರಗಳಲ್ಲಿ ಎಷ್ಟೋ ಜನ ಚೀನೀಯರ ಮೈಮೇಲೆ ಕಮ್ಯುನಿಸ್ಟ್ ವಿರೋಧಿ ಹಚ್ಚೆ ಚುಚ್ಚಿದ್ದರು, ತೈವಾನ್ ಬಾವುಟದ ಗುರುತನ್ನೂ ಚುಚ್ಚಿದ್ದರು. ಕೆಲವರು ತಾವಾಗಿ ಹಾಕಿಸಿಕೊಂಡರು. ಕೆಲವರಿಗೆ ಹಿಡಿದು ಚುಚ್ಚಿದರು, ಮನಸ್ಸು ಬದಲಾಗಬಾರದು ಅಂತ. ಆ ಚರ್ಮ ಇಟ್ಟುಕೊಂಡು ಊರಿಗೆ ಹೇಗೆ ಹೋಗುತ್ತಾನೆ? ಬಟ್ಟೆಯ ಬಾವುಟವನ್ನಾದರೆ ಮಡಿಸಿ ಒಳಗೆ ಇಡಬಹುದು.

ಕೊನೆಗೆ ಆ ಕಡೆಯೂ ಬೇಡ, ಈ ಕಡೆಯೂ ಬೇಡ ಅಂದ 88 ಜನ 1954ರಲ್ಲಿ ಭಾರತಕ್ಕೆ ಬಂದರು. ಅವರು ಯಾವ ಬಾವುಟಕ್ಕೆ ಸೆಲ್ಯೂಟ್ ಹೊಡೆಯಬೇಕಿತ್ತು, ‘ದೇಶ ಮೊದಲು’ ಅವರು ಹೇಳಲಿ. ಜಗಳಕ್ಕೆ ಕೇಳುತ್ತಿಲ್ಲ ಮಗಾ, ನಾನೂ ಯೋಚನೆ ಮಾಡಿ ನೋಡಿದವನು.

ತಿಮ್ಮಯ್ಯ ತೀರಿಕೊಂಡಿದ್ದು 1965ರ ಡಿಸೆಂಬರಿನಲ್ಲಿ ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ಕಮಾಂಡರ್ ಆಗಿ. ಸೈಪ್ರಸ್ ದೇಶದ್ದೂ ಒಂದು ವಿಚಿತ್ರ ಬಾವುಟ. ಗ್ರೀಕರಿಗೂ ತುರ್ಕರಿಗೂ ನೋವಾಗಬಾರದು ಅಂತ ಇಬ್ಬರ ನೀಲಿ ಕೆಂಪು ಎರಡನ್ನೂ ಬಿಟ್ಟು, ಬಿಳಿ ಬಟ್ಟೆ ಮೇಲೆ ದ್ವೀಪದ ನಕ್ಷೆ ಬರೆದರು, ಕೆಳಗೆ ಎರಡು ಆಲಿವ್ ಕೊಂಬೆ. 1974ರಲ್ಲಿ ದ್ವೀಪ ಎರಡಾಯಿತು, ಎರಡೂ ಕಡೆ ಜನ ಮನೆ ಬಿಟ್ಟು ಓಡಿದರು. ಬಾವುಟದ ಮೇಲೆ ಮಾತ್ರ ದ್ವೀಪ ಇನ್ನೂ ಒಂದೇ.

ಸಂಪಾಜೆ ಇಳಿಜಾರು

ಹವಾಲ್ದಾರ್ ಮಾವ, ಚೆನ್ನಾಗಿ ಹೇಳಿದಿರಿ. ನಮ್ಮ ಘಾಟಿ ಇಳಿದರೆ ಸುಳ್ಯ. ಅಲ್ಲಿ ರಬ್ಬರ್ ತೋಟದ ಕಾಲನಿಗಳಲ್ಲಿ ಇರುವವರು ಯಾರು ಅಂತ ಎಷ್ಟು ಜನರಿಗೆ ಗೊತ್ತು? ಸಿಲೋನಿನಿಂದ, ಅಂದರೆ ಈಗಿನ ಶ್ರೀಲಂಕಾದಿಂದ, ಬಂದ ತಮಿಳರು. ಅಜ್ಜನ ಕಾಲಕ್ಕೆ ಬ್ರಿಟಿಷರು ಟೀ ತೋಟಕ್ಕೆ ಕರೆದುಕೊಂಡು ಹೋದವರು. 1948ರಲ್ಲಿ ಸಿಲೋನ್ ಪೌರತ್ವ ಕಾನೂನು ಬಂದು ಲಕ್ಷಗಟ್ಟಲೆ ಜನ ಯಾವ ದೇಶದವರೂ ಅಲ್ಲ ಅಂತ ಆದರು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿಯವರೂ ಸಿಲೋನಿನ ಪ್ರಧಾನಿ ಸಿರಿಮಾವೊ ಅವರೂ ಕೂತು 5.25 ಲಕ್ಷ ಭಾರತಕ್ಕೆ, 3 ಲಕ್ಷ ಸಿಲೋನಿಗೆ ಅಂತ ಹಂಚಿಕೊಂಡರು. ಅಡಿಕೆ ಪಾಲು ಮಾಡಿದ ಹಾಗೆ ಮಾರಾಯ್ರೇ.

ಎಂತ ವಿಚಿತ್ರ ಅಂದರೆ, ಶ್ರೀಲಂಕಾ ಬಾವುಟ ನೋಡಿ, ಸಿಂಹದ ಪಕ್ಕ ಎರಡು ಪಟ್ಟಿ ಇವೆ. ಹಸಿರು ಮುಸ್ಲಿಮರದ್ದು, ಕಿತ್ತಳೆ ತಮಿಳರದ್ದು. ಪೌರತ್ವ ಹೋದ ಮೇಲೆ ಸೇರಿಸಿದ ಪಟ್ಟಿ ಅದು. ಬಾವುಟದಲ್ಲಿ ತಮಿಳರಿಗೆ ಜಾಗ, ಟೀ ತೋಟದ ತಮಿಳನಿಗೆ ಆಗ ಓಟಿರಲಿಲ್ಲ.

ಇಲ್ಲಿಗೆ ಬಂದ ಮೇಲೆ ಇವರು ಭಾರತದ ಪ್ರಜೆಗಳು, ನಿರಾಶ್ರಿತರಲ್ಲ. ಆದರೂ ಊರವರ ಬಾಯಲ್ಲಿ “ಸಿಲೋನಿನವರು”. ಜಾತಿ ಪ್ರಮಾಣಪತ್ರಕ್ಕೆ ವರ್ಷಗಟ್ಟಲೆ ಅಲೆದವರಲ್ಲಿ ನನ್ನ ಕ್ಲಾಸ್‌ಮೇಟೇ ಇದ್ದ. ಅಲ್ಲಿ ಇಂಡಿಯಾದವ, ಇಲ್ಲಿ ಸಿಲೋನಿನವ.

ತೋಟದ ರೈಟರ್

ನಾನು ಸಿದ್ದಾಪುರ ಕಡೆ ಒಂದು ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಲೈನ್ ಮನೆಯಲ್ಲಿ ಅಸ್ಸಾಮಿನಿಂದ ಬಂದ ಕೆಲಸದವರಿದ್ದಾರೆ, ಬಂಗಾಳಿ ಮಾತಾಡುತ್ತಾರೆ. ಬಂಗಾಳಿ ಅಂದ ಕೂಡಲೇ ಊರಿನವರಿಗೆ ಒಂದೇ ಅನುಮಾನ, ಬಾಂಗ್ಲಾದವರು. ವರ್ಷಕ್ಕೆ ಎರಡು ಸಲ ಆಧಾರ್ ತೋರಿಸು, ಪೊಲೀಸರಿಗೆ ಲಿಸ್ಟ್ ಕೊಡು. ತಪ್ಪು ಅಂತ ನಾನು ಹೇಳುವುದಿಲ್ಲ, ಯಾರು ಬಂದಿದ್ದಾರೆ ಅಂತ ಗೊತ್ತಿರಬೇಕು.

ಆದರೆ ಒಂದು ನೋಡಿದೆ. ಆಗಸ್ಟಿನಲ್ಲಿ ನಮ್ಮ ಧಣಿಗಳ ಬಂಗಲೆಗಿಂತ ಮೊದಲು ಲೈನ್ ಮನೆಯಲ್ಲಿ ಬಾವುಟ ಬರುತ್ತದೆ. ಹೋದ ವರ್ಷ ಒಬ್ಬ ಬಾಗಿಲ ಮೇಲೆ ಕಟ್ಟಿದ್ದು ಕಾಫಿ ಕುಯ್ಲಿನ ತನಕ ಹಾಗೇ ಇತ್ತು. ಕೇಸರಿ ಹೋಗಿ ಬಿಳಿ ಆಗಿತ್ತು, ಅಂಚು ನೂಲು ನೂಲು. “ಇಳಿಸಪ್ಪಾ, ಹೀಗೆ ಇಡಬಾರದು” ಅಂದೆ. ಅವನು ಅಕ್ಕಪಕ್ಕ ನೋಡಿ, “ಹೊಸದು ತಂದು ಹಾಕಿ ಇದನ್ನು ಇಳಿಸುತ್ತೇನೆ, ಬಾಗಿಲು ಖಾಲಿ ಬಿಡುವುದಿಲ್ಲ ಸಾರ್” ಅಂದ. ನಾನು ಭಕ್ತಿ ಅಂದುಕೊಂಡಿದ್ದೆ. ಅದು ಭಯ.

ದೇಶ ಮೊದಲು

ಇದಕ್ಕೆ ನನ್ನಲ್ಲಿ ತಕ್ಷಣ ಉತ್ತರ ಇಲ್ಲ. ಹಾಗಂತ ಗಡಿ ಬೇಡ, ಯಾರು ಬೇಕಾದರೂ ಬರಲಿ ಅನ್ನುವುದನ್ನು ನಾನು ಒಪ್ಪುವುದಿಲ್ಲ, ಅದು ಬೇರೆ ಮಾತು. ಚಾರ್ಟಿನ ವಿಷಯಕ್ಕೆ ಬನ್ನಿ. ಹುಡುಗನಿಗೆ ಬಾವುಟ ಬರೆದುಕೊಡಿ. ಮಗು ಅಲ್ವಾ.

ಹಾರಂಗಿ ಹಿನ್ನೀರು

ಒಲಿಂಪಿಕ್ಸಿನಲ್ಲಿ ನಿರಾಶ್ರಿತರದ್ದೇ ಒಂದು ತಂಡ ಇದೆಯಲ್ಲ, 2016ರ ರಿಯೊದಿಂದ. ಹತ್ತು ಜನ ಹೋಗಿದ್ದರು. ಅವರಲ್ಲಿ ಒಬ್ಬಳು ಸಿರಿಯಾದ ಈಜುಗಾರ್ತಿ ಯುಸ್ರಾ ಮರ್ದಿನಿ, ಸಮುದ್ರದ ಮಧ್ಯೆ ಬೋಟಿನ ಇಂಜಿನ್ ಕೆಟ್ಟಾಗ ಅಕ್ಕನ ಜೊತೆ ನೀರಿಗಿಳಿದು ಬೋಟನ್ನು ದಡದ ಕಡೆ ತಂದವಳು. ಆಗ ಇನ್ನೊಬ್ಬ ಸಿರಿಯಾದ ಕಲಾವಿದೆ ಆ ತಂಡಕ್ಕೆ ಅಂತ ಒಂದು ಬಾವುಟ ಮಾಡಿದಳು, ಪೂರ್ತಿ ಕಿತ್ತಳೆ, ಅಡ್ಡಲಾಗಿ ಒಂದು ಕಪ್ಪು ಪಟ್ಟಿ. ಲೈಫ್ ಜಾಕೆಟಿನ ಬಣ್ಣ ಅದು. ಆದರೆ ಮೈದಾನದಲ್ಲಿ ಅವರು ಹಿಡಿದದ್ದು ಒಲಿಂಪಿಕ್ ಬಾವುಟ. 2024ರಲ್ಲಿ ಪ್ಯಾರಿಸಿನಲ್ಲಿ ಬಾಕ್ಸಿಂಗಿನಲ್ಲಿ ಮೊದಲ ಪದಕವೂ ಬಂತು, ಕಂಚು.

ಬೈಕಿನದ್ದನ್ನು ಬಿಚ್ಚಬೇಕಾ ಅಕ್ಕಾ?

ನಾಲ್ಕನೇ ಕ್ಯಾಂಪ್

ಬೇಡ, ಇರಲಿ. ನೆಲಕ್ಕೆ ತಾಗದ ಹಾಗೆ ಮೇಲೆ ಕಟ್ಟು. ಗಾಳಿ ನಿನ್ನ ಬೈಕಿನಷ್ಟು ಇನ್ನೆಲ್ಲಿ ಸಿಗುತ್ತದೆ.

ಜೆರಾಕ್ಸ್ ಅಂಗಡಿ, ಕುಶಾಲನಗರ

ಎಲ್ಲರಿಗೂ ಥ್ಯಾಂಕ್ಸ್. ಆಗಿದ್ದು ಹೇಳಿ ಮಲಗುತ್ತೇನೆ.

ಇವತ್ತು ಸಂಜೆ ಆ ಹುಡುಗನಿಗೆ ನಿಜ ಹೇಳಿದೆ. ದೊಡ್ಡ ಚಾರ್ಟ್ ಇಲ್ಲ ಪುಟ್ಟಾ, ಯಾವ ಚಾರ್ಟಿನಲ್ಲೂ ಇಲ್ಲ, ನಾನು ಅವತ್ತು ಸುಳ್ಳು ಹೇಳಿದೆ ಅಂತ. ಅವನು “ಗೊತ್ತು ಅಂಕಲ್, ಮನೆಯಲ್ಲಿ ಕೇಳಿದೆ” ಅಂದ. ನನಗೇ ಮುಖ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ.

ಆಮೇಲೆ ಒಂದು ಡ್ರಾಯಿಂಗ್ ಶೀಟ್ ಕೊಟ್ಟೆ. ಇಬ್ಬರೂ ಕೌಂಟರಿನಲ್ಲೇ ಕೂತರು. ಅಕ್ಕ ಹೇಳಿದ ಹಾಗೆ ಕಿರಣ ಎಣಿಸಿ ಆರು ಕೆಂಪು, ಆರು ನೀಲಿ. ಸಿಂಹ ಬರೆಯಲು ನನ್ನ ಮಗನಿಗೆ ಬರಲಿಲ್ಲ, ನಾಯಿ ಹಾಗೆ ಕಂಡಿತು, ಅವನೇ ಸರಿ ಮಾಡಿದ. ಅಂಚು ಬಣ್ಣ ಹಾಕುವ ಕೆಲಸ ನನ್ನ ಮಗನಿಗೆ ಕೊಟ್ಟ. ಇವನು ಉತ್ಸಾಹದಲ್ಲಿ ಹಳದಿ ಸ್ಕೆಚ್ ಪೆನ್ನಿನಲ್ಲಿ ನಾಲ್ಕೂ ಕಡೆ ಎಳೆದುಬಿಟ್ಟ. ಆ ಹುಡುಗ “ಏ, ಈ ಕಡೆ ಮುಚ್ಚಬಾರದು ಕಣೋ” ಅಂತ ಕೂಗಿ, ಸ್ಟ್ಯಾಂಡಿನಿಂದ ವೈಟ್ನರ್ ತೆಗೆದು ಬಲಗಡೆ ಅಂಚಿನ ಉದ್ದಕ್ಕೂ ಬಳಿದ.

ವೈಟ್ನರ್ ಹೊಸದು. ಅರ್ಧ ಖಾಲಿ.